ಅಕ್ಕನ ಉಪವಾಸ, ನನ್ನ ಪಾಠ

ಜೀವಕೋಶಗಳು ತಮ್ಮೊಳಗಿನ ಹಾಳಾದ ಸಾಮಾನನ್ನು ತಾವೇ ಅರಗಿಸಿಕೊಂಡು ಮತ್ತೆ ಬಳಸುತ್ತವೆ ಎಂದು ನಾನು ಅಕ್ಕನಿಗೆ ಹೇಳಬಾರದಿತ್ತು. ಹೇಳಿದರೂ, ಹೊಟ್ಟೆ ಖಾಲಿಯಿದ್ದಾಗ ಆ ಕೆಲಸ ಚುರುಕಾಗುತ್ತದೆ ಎಂದು ಸೇರಿಸಬಾರದಿತ್ತು. ಏನು ಮಾಡಲಿ? ಸಾಗರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳಿಗೆ ಎದುರು ಕೂತವರೆಲ್ಲ ವಿದ್ಯಾರ್ಥಿಗಳೇ.

ಮೇಳಿಗೆಯಲ್ಲಿರುವ ಅಕ್ಕ ಕಲ್ಲಂಗಡಿ ಸಿಪ್ಪೆಯಲ್ಲೂ ದೋಸೆ ಹೊಯ್ಯುವವಳು. ಹಳೆ ಸೀರೆ ಅವಳ ಕೈಯಲ್ಲಿ ಮೊದಲು ಹೊದಿಕೆಯಾಗಿ, ಆಮೇಲೆ ಕಾಲೊರೆಸಾಗಿ, ಕೊನೆಗೆ ಮಸಿಬಟ್ಟೆಯಾಗುತ್ತದೆ. ನನ್ನ ಪಾಠ ಕೇಳಿ ಅವಳಿಗೆ ಭಾರಿ ಖುಷಿಯಾಯಿತು.

"ಅಂದ್ರೆ ಮೈಯೊಳಗೂ ನನ್ನಂಥೋರೇ ಇದಾರೆ ಅನ್ನು!"

ನಾನು ಸಾಗರಕ್ಕೆ ಮರಳಿದ ಮೇಲೆ ಅವಳು ವಾರಕ್ಕೆರಡು ದಿನ ಊಟ ಬಿಟ್ಟಳು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಮೂರನೇ ವಾರ ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು. "ನಿನ್ನಕ್ಕ ಜಗಲಿ ಮೇಲೆ ಬಿದ್ದಿದ್ಲು. ಮಾತಾಡ್ತಾ ಇಲ್ಲ. ತೀರ್ಥಹಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೊರಟಿದೀನಿ."

ಸಿಕ್ಕ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಜಾಣತನವನ್ನು ಶಪಿಸಿಕೊಂಡೆ. ಹೊಸನಗರದಲ್ಲಿ ಬಸ್ಸು ನಿಂತಾಗ ಮತ್ತೆ ಭಾವನ ಫೋನು. "ಕಣ್ಣು ಬಿಟ್ಲು ಮಾರಾಯ್ತಿ. ಗ್ಲೂಕೋಸ್ ಹಾಕಿದಾರೆ." ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಕೈ ಹಿಡಿದು ಅತ್ತುಬಿಟ್ಟೆ. ಅವರು ನೀರಿನ ಬಾಟಲಿ ಕೊಟ್ಟರು.

ನಾನು ತಲುಪಿದಾಗ ಡಾಕ್ಟರು ಅಕ್ಕನನ್ನು ಗದರಿಸುತ್ತಿದ್ದರು. "ಮಾತ್ರೆ ನುಂಗಿ ಉಪವಾಸ ಮಾಡೋಕೆ ಯಾರು ಹೇಳಿದ್ದು ನಿಮಗೆ?"

"ಟಿವಿಲಿ ನೋಡಿದ್ದೆ," ಅಂದಳು ಅಕ್ಕ, ನನ್ನತ್ತ ತಿರುಗಿಯೂ ನೋಡದೆ.

"ಟಿವಿ ಅಲ್ಲ ಡಾಕ್ಟ್ರೇ, ನಾನು," ಎಂದು ಒಪ್ಪಿಕೊಂಡೆ.

ಡಾಕ್ಟರು ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು. "ಅಲ್ವೇ, ಎಸೆಯೋದ್ಯಾವ್ದು, ಇಟ್ಕೊಳ್ಳೋದ್ಯಾವ್ದು ಅಂತ ಆ ಕೋಶಕ್ಕೆ ಹೆಂಗೆ ಗೊತ್ತಾಗ್ತದೆ?"

"ಹಾಳಾದ್ದಕ್ಕೆ ಗುರುತು ಅಂಟಿಸ್ತಾವೆ. ಅಷ್ಟು ಗೊತ್ತು. ಪೂರ್ತಿ ಲೆಕ್ಕಾಚಾರ ಯಾರಿಗೂ ಗೊತ್ತಿಲ್ಲ."

"ಎಷ್ಟು ಹೊತ್ತು ಉಪವಾಸ ಇದ್ರೆ ಸಾಕು?"

"ಮನುಷ್ಯರಲ್ಲಿ ಇಷ್ಟೇ ಅಂತ ಖಚಿತವಾಗಿ ಹೇಳೋರಿಲ್ಲ. ನಂಗೂ ಗೊತ್ತಿಲ್ಲ ಅಕ್ಕಾ."

ಅಷ್ಟು ಹೇಳಿದ್ದೇ ಎದೆ ಹಗುರಾಯಿತು. ಅಕ್ಕ ನನ್ನನ್ನೇ ನೋಡಿ ನಕ್ಕಳು. "ಇದನ್ನ ಅವತ್ತೇ ಹೇಳಿದ್ರೆ ನಾನು ಹೊಟ್ಟೆ ತುಂಬ ಉಣ್ತಿದ್ನಲ್ಲೇ!"

ಭಾವ ಗಂಜಿ ತಂದರು. ಅಕ್ಕ ಒಂದು ಬಟ್ಟಲು ಮುಗಿಸಿ, ಉಪ್ಪಿನಕಾಯಿ ಸಾಲದೆಂದು ಗೊಣಗಿ, ಇನ್ನೊಂದು ಬಟ್ಟಲಿಗೆ ಕೈ ಚಾಚಿದಳು. ವಿಜ್ಞಾನಿಗಳು ಉಳಿದ ಉತ್ತರಗಳನ್ನು ನಿಧಾನಕ್ಕೆ ಹುಡುಕಲಿ, ನನಗೇನೂ ಅವಸರವಿಲ್ಲ ಅನ್ನಿಸಿತು.