ಬೂದಿಯ ಮೇಲಿನ ಗೆರೆ

ಬಯಲುಸೀಮೆಯ ಪರಶುರಾಂಪುರಕ್ಕೆ ಬಂದ ಮರುದಿನ ಸೀರೆ ಒಗೆದು ತಂತಿಯ ಮೇಲೆ ಹರವಿ ಒಳಗೆ ಬಂದೆ. ಒಂದು ಲೋಟ ಕಾಫಿ ಕುಡಿದು ಹೊರಗೆ ಹೋಗಿ ನೋಡಿದರೆ ಅದು ಒಣಗಿ ಹಪ್ಪಳವಾಗಿತ್ತು. ಯಾರೋ ನನ್ನ ಸೀರೆ ತೆಗೆದು ಬೇರೆಯದನ್ನು ಹಾಕಿದ್ದಾರೇನೋ ಎಂದು ಸೆರಗನ್ನು ಮುಟ್ಟಿ ಮುಟ್ಟಿ ನೋಡಿದೆ. ನನ್ನ ಹಾಗೇ ಕುಂದಾಪುರದ ಕಡೆಯವರಾದ ನೀವು ಆಷಾಢದಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಮೂರು ದಿನ ಬಟ್ಟೆ ಒಣಗಿಸುವವರು, ಇದನ್ನು ನಂಬಲಿಕ್ಕಿಲ್ಲ. ನನಗೆ ಮಾತ್ರ ಆವತ್ತು ನಿಜಕ್ಕೂ ಹೆದರಿಕೆಯಾಯಿತು. ಸೀರೆಯ ನೀರನ್ನೇ ಇಷ್ಟು ಬೇಗ ಕುಡಿದು ಮುಗಿಸುವ ಊರು ನನ್ನನ್ನು ಎಷ್ಟು ದಿನ ಉಳಿಸೀತು ಅನ್ನಿಸಿತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಅಂಚೆ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿ ಬಂದಿದ್ದೆ. ಎರಡು ವರ್ಷ ಹೇಗಾದರೂ ಕಳೆದು ವರ್ಗ ಮಾಡಿಸಿಕೊಂಡು ಬಾ ಎಂದು ಅಮ್ಮ ಹೇಳಿ ಕಳಿಸಿದ್ದಳು. ಅಲ್ಲಿ ಸೊಪ್ಪು ಸಿಗುವುದೋ ಇಲ್ಲವೋ ಎಂದು ಎಣ್ಣೆ ಡಬ್ಬಿಯೊಂದರಲ್ಲಿ ಬಾವಿಕಟ್ಟೆಯ ಮಣ್ಣು ತುಂಬಿ, ಬಸಳೆಯ ಎರಡು ತುಂಡು ನೆಟ್ಟು ಕೊಟ್ಟಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಕಂಡಕ್ಟರ್ ಎರಡು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿದ.

ನನಗೆ ಕೋಣೆ ಕೊಟ್ಟವಳು ಓಬಮ್ಮ. ಅರವತ್ತರ ಹತ್ತಿರದ ಹೆಂಗಸು, ಕುರಿ ಸಾಕುವ ಮನೆಯವಳು. ಒಬ್ಬಳೇ ಮಗಳು, ಮೊಳಕಾಲ್ಮುರಿಗೆ ಕೊಟ್ಟಿತ್ತು. ಅವಳ ಮನೆ, ನನ್ನ ಕೋಣೆ ಎರಡಕ್ಕೂ ನಡುವೆ ಒಂದೇ ಬಚ್ಚಲು. ಗಂಡ ಪಾಲಯ್ಯ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ದಾವಣಗೆರೆಯ ಆಚೆ ನಾಲೆ ನೀರಿನ ಸೀಮೆಗೆ ಹೋಗಿಬಿಟ್ಟರೆ ಮೊದಲ ಮಳೆಗೇ ವಾಪಸು. ನಾನು ಅವನನ್ನು ನೋಡಿದ್ದು ಹದಿನೈದು ದಿನ ಮಾತ್ರ. ಕೋಲನ್ನು ಊರುತ್ತಿರಲಿಲ್ಲ, ಹಿಂದೆ ಎಳೆದುಕೊಂಡು ನಡೆಯುತ್ತಿದ್ದ. ಅವನು ಹೋದ ದಾರಿಯ ಧೂಳಿನಲ್ಲಿ ಸೊಟ್ಟ ಗೆರೆ ಉಳಿಯುತ್ತಿತ್ತು. ಗುಡಿಸಿದ ಅಂಗಳವನ್ನೆಲ್ಲ ಗೀಚುತ್ತಾನೆ ಎಂದು ಓಬಮ್ಮ ದಿನವೂ ಬೈಯುತ್ತಿದ್ದಳು.

ಹೊಸ ಊರನ್ನು ಕಲಿಯುವುದು ಮೊದಲು ಕಿವಿಯಿಂದ. ‘ಇದೆ’ ಇಲ್ಲಿ ‘ಐತೆ’, ಅಮ್ಮ ‘ಅವ್ವ’, ಆಂಧ್ರದ ಗಡಿ ಹತ್ತಿರವಾದ್ದರಿಂದ ಬುಟ್ಟಿ ‘ಗಂಪ’. ನಾನು ‘ಪೋಸ್ಟಮ್ಮ’. ಆಮೇಲೆ ಹೊಟ್ಟೆ. ಕುಚ್ಚಲಕ್ಕಿ ಗಂಜಿಯ ಬದಲು ಮುದ್ದೆ. ಅಗಿಯದೆ ನುಂಗಲು ಒಂದು ತಿಂಗಳು ಹಿಡಿಯಿತು. ಓಬಮ್ಮನ ಮುಂದೆ ಮೊದಲ ಸಲ ಸಲೀಸಾಗಿ ನುಂಗಿದ ದಿನ ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ. ಕೊನೆಗೂ ಕಲಿಯಲಾಗದೆ ಉಳಿದದ್ದು ಕಡಲಿನ ಸದ್ದಿಲ್ಲದೆ ಮಲಗುವುದು. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಅಂಥದ್ದರಲ್ಲಿ ನಾನು ಅಕ್ಕಿ ತೊಳೆದ ನೀರನ್ನೆಲ್ಲ ಬಚ್ಚಲ ಕಿಟಕಿಯ ಬಸಳೆಗೆ ಹಾಕುವುದನ್ನು ಕಂಡು, ತನ್ನ ಕುರಿಗೂ ಇಷ್ಟು ಉಪಚಾರ ಇಲ್ಲ ಎಂದು ಓಬಮ್ಮ ನಗುತ್ತಿದ್ದಳು.

ಒಂದು ಬೆಳಿಗ್ಗೆ ಕಸ ಗುಡಿಸಲು ಬಗ್ಗಿದಾಗ ಬಚ್ಚಲಿನಿಂದ ನನ್ನ ಚಾಪೆಯವರೆಗೆ ಮಿರುಗುವ ಗೆರೆ. ಗುರುತು ಹಿಡಿಯಲು ನನಗೆ ಕ್ಷಣವೂ ಬೇಕಾಗಲಿಲ್ಲ. ಸಿಂಬಳದ ಹುಳು, ಚಿಪ್ಪಿಲ್ಲದ ಬಸವನಹುಳು. ಅಮ್ಮನ ಮಣ್ಣಿನ ಜೊತೆ ಅದರ ಮೊಟ್ಟೆಯೂ ಬಂದಿತ್ತು. ಊರಲ್ಲಿ ಇದಕ್ಕೆಂದೇ ಅಮ್ಮ ಬಚ್ಚಲ ಬಾಗಿಲಲ್ಲಿ ಕರಟದ ತುಂಬ ಉಪ್ಪು ಇಡುತ್ತಿದ್ದಳು, ಹೊಸ್ತಿಲಿಗೆ ಬೂದಿ ಸುರಿಯುತ್ತಿದ್ದಳು. ಒಣ ಬೂದಿ ಮುಟ್ಟಿದರೆ ಹುಳು ಸ್ವಲ್ಪ ದೂರ ಬಂದು ತಿರುಗಿ ಹೋಗುತ್ತದೆ. ಅಲ್ಲಿ ಅದನ್ನು ಕಂಡರೆ ಮುಖ ಕಿವುಚುತ್ತಿದ್ದ ನಾನು ಇಲ್ಲಿ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ನೀನೂ ಬಂದೆಯಾ ಎಂದು ಮಾತಾಡಿಸಿದೆ. ನಗಬೇಡಿ. ಆ ಊರಲ್ಲಿ ನನ್ನ ಮನೆಯ ಕಡೆಯ ಜೀವ ಅಂತ ಇದ್ದದ್ದು ಅದೊಂದೇ.

ಆ ಬೇಸಗೆಯಲ್ಲಿ ಪಾಲಯ್ಯ ಸತ್ತ. ನಾಲೆ ಸೀಮೆಯಲ್ಲಿ ಜ್ವರ ಬಂದು ಎರಡೇ ದಿನಕ್ಕೆ ಮುಗಿಯಿತಂತೆ. ಜೊತೆಯ ಕುರಿಗಾಹಿಗಳು ಅಲ್ಲೇ ನಾಲೆಯ ಪಕ್ಕದಲ್ಲಿ ಮಣ್ಣು ಮಾಡಿ, ಸುದ್ದಿ ಮುಟ್ಟಿಸುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಓಬಮ್ಮ ಅಳಲಿಲ್ಲ. ಊಟ ಬಿಟ್ಟಳು. ಮೊಳಕಾಲ್ಮುರಿನಿಂದ ಬಂದ ಮಗಳು ತುತ್ತು ಕಲಸಿ ಬಾಯಿಗೆ ಹಿಡಿದರೆ ಮುಖ ತಿರುಗಿಸುವಳು. ಓಬಮ್ಮನಿಗೆ ಇದ್ದದ್ದು ಒಂದೇ ಚಿಂತೆ; ಅದನ್ನು ನನ್ನ ಹತ್ತಿರವೂ ಕೇಳಿದಳು.

“ಊರು ಕೇರಿ ವಿಳಾಸ ಎಲ್ಲಾ ನಿಂಗೆ ಗೊತ್ತೈತಲ್ಲ ಪೋಸ್ಟಮ್ಮ. ಅಷ್ಟು ದೂರದಾಗೆ ಹೂತ್ರೆ ನಮ್ಮಾತಗೆ ಮನೆ ದಾರಿ ಸಿಕ್ತೈತಾ?”

ಸಿಗುತ್ತದೆ ಎಂದೆ. ನನ್ನ ದನಿ ನನಗೇ ಟೊಳ್ಳಾಗಿ ಕೇಳಿತು.

ಆ ಮನೆಯಲ್ಲೊಂದು ಪದ್ಧತಿಯಿದೆ. ಸತ್ತವರು ಮಲಗುತ್ತಿದ್ದ ಜಾಗದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಮೇಲೆ ಗಂಪ ಕವುಚಿ ಇಡುತ್ತಾರೆ. ಬೆಳಗಾದ ಮೇಲೆ ಎತ್ತಿ ನೋಡಿದಾಗ ಬೂದಿಯಲ್ಲಿ ಗುರುತು ಮೂಡಿದ್ದರೆ ಜೀವ ಮನೆಗೆ ಬಂದುಹೋಗಿದೆ ಎಂದರ್ಥ. ಬೂದಿ ಹಾಗೆಯೇ ಇದ್ದರೆ ಅದು ಎಲ್ಲೋ ಅಲೆಯುತ್ತಿದೆ ಎಂದು ತಿಳಿಯುತ್ತಾರೆ. ಪಾಲಯ್ಯನಿಗೂ ಹಾಗೇ ಇಟ್ಟು, ಬೆಳಿಗ್ಗೆ ನನ್ನನ್ನೂ ಕರೆದರು. ಮಗಳು ಗಂಪ ಎತ್ತಿದಳು.

ಬೂದಿಯ ಮೇಲೆ ಹೆಬ್ಬೆರಳಗಲದ ಒಂದು ಸೊಟ್ಟ ಗೆರೆ. ಬಚ್ಚಲ ಕಡೆಯಿಂದ ಬಂದು, ಪಾಲಯ್ಯ ತಲೆ ಇಡುತ್ತಿದ್ದ ಜಾಗದವರೆಗೆ ಹೋಗಿ, ತಿರುಗಿ ಹೊರಟಿತ್ತು. ಎಲ್ಲರೂ ಹತ್ತಿರ ಬಗ್ಗಿದರು. ಗೋಡೆಯ ಬದಿಯ ನೆಲದಲ್ಲಿ ಗೆರೆ ಸಣ್ಣಗೆ ಮಿರುಗುತ್ತಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಬಾಯಿ ತೆರೆದಿದ್ದರೆ ಒಂದೇ ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಓಬಮ್ಮ ಮಂಡಿಯೂರಿ ಬಹಳ ಹೊತ್ತು ನೋಡಿದಳು.

“ಕೋಲು ಎಳ್ಕೊಂಡು ಬಂದಾನೆ” ಎಂದಳು. “ಕಾಲು ಸೋತಿರ್ತಾವೆ, ಪಾಪ.”

ಆಮೇಲೆ ಅತ್ತಳು. ಮಧ್ಯಾಹ್ನ ಮಗಳ ಕೈಯಿಂದ ಮುದ್ದೆ ಉಂಡಳು. ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ.

ಅಲ್ಲಿಂದ ನನ್ನ ಭಯ ಶುರುವಾಯಿತು. ಈ ಹುಳುಗಳಲ್ಲಿ ಒಂದು ಓಬಮ್ಮನ ಕಣ್ಣಿಗೆ ಬಿದ್ದರೆ? ಗಂಡ ಅಂತ ತಾನು ಕಂಡದ್ದು ಏನೆಂದು ಅವಳಿಗೆ ತಿಳಿದರೆ? ದಿನವೂ ಅವಳು ಏಳುವ ಮೊದಲು ಎದ್ದು ಬಚ್ಚಲ ಮೂಲೆ, ತೂಬು, ಡಬ್ಬಿಯ ಅಡಿ ಹುಡುಕಿ, ಸಿಕ್ಕ ಹುಳುವನ್ನು ಕಾಗದದಲ್ಲಿ ಎತ್ತಿ ಉಪ್ಪು ಹಾಕುತ್ತಿದ್ದೆ. ಅಮ್ಮ ಇದನ್ನು ಸಾರಿಗೆ ಉಪ್ಪು ಹಾಕಿದಷ್ಟೇ ಸಲೀಸಾಗಿ ಮಾಡುತ್ತಿದ್ದಳು. ನನಗೆ ಹಾಗಾಗಲಿಲ್ಲ. ಹುಳು ನೊರೆಗಟ್ಟಿ ಮುದುಡುವಾಗ, ನಾಲೆಯಿಂದ ನಡೆದು ಬಂದ ಮುದುಕನಿಗೆ ಏನೋ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಕುರಿಗಾಹಿಗಳು ತಂದು ಗೋಡೆಗೆ ಒರಗಿಸಿಟ್ಟ ಅವನ ಕೋಲಿನ ಕಡೆ ನೋಡದೆ ಓಡಾಡುತ್ತಿದ್ದೆ. ಕೊನೆಗೆ ಡಬ್ಬಿಯ ಮಣ್ಣನ್ನೇ ಹೊತ್ತುಕೊಂಡು ಹೋಗಿ ಊರಾಚೆಯ ಬಿಸಿಲಿಗೆ ಸುರಿದೆ. ಎರಡು ದಿನದಲ್ಲಿ ಅದೂ ಇಲ್ಲಿಯ ಮಣ್ಣಿನ ಬಣ್ಣಕ್ಕೆ ತಿರುಗಿತು. ಬಸಳೆ ಎಲ್ಲಿ ಎಂದು ಓಬಮ್ಮ ಕೇಳಿದಾಗ ಒಣಗಿಹೋಯಿತು ಎಂದೆ.

ಎರಡು ವರ್ಷಕ್ಕೆ ವರ್ಗ ಆಗಲಿಲ್ಲ. ಮೂರನೆಯ ವರ್ಷ ಜುಲೈಯಲ್ಲಿ ಅಣ್ಣನ ಫೋನು ಕಚೇರಿಗೇ ಬಂತು, ಎತ್ತಿದವಳು ನಾನೇ. ಅಮ್ಮ ಹೋದಳು ಎಂದ. ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತು. ಸುತ್ತಿ ಬಳಸಿ ಊರು ಮುಟ್ಟುವಾಗ ಚಿತೆಯ ಜಾಗವನ್ನೂ ಮಳೆ ತೊಳೆದಿತ್ತು. ಅಮ್ಮನ ಮುಖ ನಾನು ನೋಡಲಿಲ್ಲ. ಬಚ್ಚಲಿಗೆ ಹೋದರೆ ನೆಲದ ತುಂಬ ಮಿರುಗುವ ಗೆರೆಗಳು, ಅಮ್ಮನ ಕರಟದಿಂದ ಅತ್ತಿಗೆ ಉಪ್ಪು ಚೆಲ್ಲುತ್ತಿದ್ದಳು. ಬೇಡ ಎಂದು ಅವಳ ಕೈ ಹಿಡಿದೆ. ಅತ್ತಿಗೆ ನನ್ನನ್ನು ವಿಚಿತ್ರವಾಗಿ ನೋಡಿ ಅಣ್ಣನನ್ನು ಕರೆದಳು.

ಎಲ್ಲ ಕಳೆದು ಪರಶುರಾಂಪುರಕ್ಕೆ ಬಂದ ಸಂಜೆ, ನಾನು ಕೇಳದೆಯೇ ಓಬಮ್ಮ ಜರಡಿ ಹಿಡಿದ ಬೂದಿ ತಂದು ನನ್ನ ಕೋಣೆಯಲ್ಲಿ ಹರಡಿದಳು. ನಿಮ್ಮವ್ವ ಆ ಮನೆಯಲ್ಲಿ ಯಾಕೆ ಇರುತ್ತಾಳೆ, ನೀನು ಇರುವಲ್ಲಿಗೇ ಹುಡುಕಿಕೊಂಡು ಬರುತ್ತಾಳೆ ಎಂದು ಸಮಾಧಾನ ಹೇಳಿ ಗಂಪ ಕವುಚಿದಳು. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಾನು ಕಾದೆ. ಬೆಳಿಗ್ಗೆ ಅವಳು ಗಂಪ ಎತ್ತಿದಳು. ಬೂದಿ ಹರಡಿದ ಹಾಗೇ ಇತ್ತು.

ಓಬಮ್ಮ ಬಚ್ಚಲ ಕಡೆ ತಿರುಗಿ ನೋಡಿದಳು.

“ನಿನ್ನ ಬಳ್ಳಿ ಡಬ್ಬಿಯಾಗೆ ಹುಳ ಇದ್ವಲ್ಲ ಮಗಾ, ಅವೆಲ್ಲಿ ಹೋದ್ವು?”

ಅವಳು ನೋಡಿದ್ದಳು. ಆವತ್ತೇ ನೋಡಿದ್ದಳೋ, ಆಮೇಲೋ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಉಪ್ಪು ಹಾಕಿದೆ ಎಂದೆ.

“ಯಾಕೆ ಹಂಗ್ ಮಾಡ್ದೆ? ಬರೋರು ಯಾವ್ದಾದ್ರೂ ಮೈ ಹೊತ್ಕೊಂಡೇ ಬರ್ಬೇಕಲ್ಲ” ಎಂದಳು. ಬೈಗುಳದ ದನಿಯಲ್ಲ. ಆಮೇಲೆ ಬೂದಿಯನ್ನು ಗೋರಿ ಮೊರಕ್ಕೆ ತುಂಬಿಕೊಂಡು ಹೋದಳು. ಅಮ್ಮ ಸತ್ತ ಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಆಗಲೇ.

ಇದೆಲ್ಲ ಆಗಿ ಆರೇಳು ವರ್ಷವಾಯಿತು. ವರ್ಗದ ಅರ್ಜಿಯನ್ನು ಮತ್ತೆ ಬರೆಯಲಿಲ್ಲ. ಅಲ್ಲಿಗೆ ಹೋದರೆ ನನ್ನ ಬಾಯಲ್ಲಿ ‘ಐತೆ’ ಬಂದು ಅತ್ತಿಗೆ ನಗುತ್ತಾಳೆ. ಇಲ್ಲಿ ಹತ್ತು ವರ್ಷವಾದರೂ ನಾನು ಸಮುದ್ರದ ಕಡೆಯ ಪೋಸ್ಟಮ್ಮನೇ. ಅಲ್ಲಿ ಮಳೆಗಾಲವಿಡೀ ನೆಲದ ತುಂಬ ಗೆರೆಗಳು, ಆದರೆ ಯಾರೂ ಬೂದಿ ಹರಡಿ ಕಾಯುವುದಿಲ್ಲ. ಇಲ್ಲಿ ಕಾಯುವವರಿದ್ದಾರೆ, ಬರುವುದಕ್ಕೆ ಹಸಿ ನೆಲವಿಲ್ಲ.

ಕಳೆದ ಮಳೆಗಾಲ ಅಣ್ಣನ ಮನೆಯಿಂದ ಮತ್ತೊಂದು ಡಬ್ಬಿ ಮಣ್ಣು ತಂದೆ. ಬಸಳೆ ಚಿಗುರಿ ಕಿಟಕಿಗೆ ಹಬ್ಬಿದೆ. ಅಕ್ಕಿ ತೊಳೆದ ನೀರನ್ನು ಈಗ ಓಬಮ್ಮನೂ ಅದಕ್ಕೇ ಹಾಕುತ್ತಾಳೆ. ಬೆಳಿಗ್ಗೆ ಪೊರಕೆ ಹಿಡಿಯುವ ಮೊದಲು ಇಬ್ಬರೂ ಒಂದು ಸಲ ನೆಲವನ್ನು ಬಗ್ಗಿ ನೋಡುತ್ತೇವೆ. ಏನೂ ಕಾಣದಿದ್ದರೆ ಅವಳು ಒಲೆ ಹಚ್ಚಲು ಹೋಗುತ್ತಾಳೆ, ನಾನು ಗುಡಿಸುತ್ತೇನೆ.