ಸೋಮವಾರದ ಅಲಸಂದಿ ಮಡಿಕೆ

ರಾಯದುರ್ಗದ ನಮ್ಮ ಓಣಿಯಲ್ಲಿ ಬೇಕರಿ ಇಟ್ಟಿದ್ದ ಒಬ್ಬರಿಗೆ ಭಟ್ಟಿ ಸುಮ್ಮನೆ ಆರುವುದನ್ನು ನೋಡಲಾಗುತ್ತಿರಲಿಲ್ಲ. ಬ್ರೆಡ್ ತೆಗೆದ ಮೇಲೂ, "ಭಟ್ಟಿ ಇನ್ನೂ ಬಿಸಿ ಐತ್ರಿ ಅಕ್ಕಾರ, ಏನಾರ ಇಡೋಣೇನ್ರಿ?" ಎಂದು ನನ್ನನ್ನು ಕೂಗುವರು. ಹಾಗೆ ನಮ್ಮ ಮನೆಯ ಶೇಂಗಾ, ಬದನೆಕಾಯಿ ಎಲ್ಲ ಅದರೊಳಗೆ ಹೋಗಿ ಬಂದಿದ್ದವು.

ಒಂದು ಬೇಸಿಗೆ ಓಣಿಯವರೆಲ್ಲ ಹತ್ತಿರದ ನೇಮಕಲ್ಲು ಊರಿಗೆ ಪಿಕ್‌ನಿಕ್ ಹೊರಟಾಗ ಪಲ್ಯ ತಮ್ಮದೆಂದು ಬೇಕರಿಯವರು ಹೇಳಿದರು. ಬೇಯಿಸಿದ ಅಲಸಂದಿ ಕಾಳಿಗೆ ಬೆಲ್ಲ, ಹುಣಸೆರಸ, ಒಣಮೆಣಸಿನಕಾಯಿ, ಹುರಿದ ಗುರೆಳ್ಳಿನ ಪುಡಿ ಕಲಸಿ ಮಡಿಕೆಗೆ ತುಂಬಿದರು. ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ, ಬೆಳಗಿನ ಬ್ರೆಡ್ ತೆಗೆದ ಭಟ್ಟಿಯೊಳಗೆ ಇಟ್ಟರು.

ಮಧ್ಯಾಹ್ನ ಬೇವಿನ ನೆರಳಲ್ಲಿ ಮುಚ್ಚಳ ತೆಗೆದಾಗ ಘಮ್ಮೆಂದಿತು. ಒಂದು ತುತ್ತು ತಿಂದು ನಾವು ಮುಖ ಮುಖ ನೋಡಿಕೊಂಡೆವು. ಉಪ್ಪೇ ಇರಲಿಲ್ಲ. ಅಂದು ಸೋಮವಾರ. ಸಂಜೆಯ ಪೂಜೆಯ ತನಕ ಉಪವಾಸವಿರುವ ಅವರು ರುಚಿ ನೋಡದೆಯೇ ಮಡಿಕೆ ಮುಚ್ಚಿದ್ದರು.

"ಹೆಂಗೈತ್ರಿ?" ಎಂದು ನನ್ನನ್ನೇ ಕೇಳಿದರು.

"ಭಾಳ ಛಲೋ ಆಗೈತ್ರಿ" ಎಂದೆ. ಉಳಿದವರೂ ತಲೆಯಾಡಿಸಿದರು. ಉಪ್ಪಿನಕಾಯಿ ನಂಚಿಕೊಂಡು ಮಡಿಕೆ ಖಾಲಿ ಮಾಡಿದೆವು. ಉಪವಾಸ ಬಿಟ್ಟ ಮೇಲೆ ತಿನ್ನಲೆಂದು ಅವರು ಬಡಿಸುವ ಮೊದಲೇ ಒಂದು ಡಬ್ಬಿ ತುಂಬಿಟ್ಟುಕೊಂಡಿದ್ದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮರುವರ್ಷ ಅದೇ ಬೇವಿನ ಕೆಳಗೆ ಅದೇ ಮಡಿಕೆ ಬಂತು. ಮುಚ್ಚಳಕ್ಕೆ ಉಪ್ಪಿನ ಪೊಟ್ಟಣ ಕಟ್ಟಿತ್ತು. ಅವರು ಅದನ್ನು ಬಿಚ್ಚಿ ನನ್ನ ಕೈಗಿಟ್ಟರು.

"ಇವತ್ತೂ ಸೋಮವಾರ ಐತ್ರಿ ಅಕ್ಕಾರ. ಈ ಸಲ ಖರೇ ಹೇಳ್ರಿ."