ಹಾರಿಬನ ಗಾಳಿಕೊಳವೆ

ಬಿದಿಯಾ ಊರಿನ ಅಂಚಿನಲ್ಲಿರುವ ದೊಡ್ಡ ಮರಳುದಿಬ್ಬದ ಮೇಲೆ ಹಾರಿಬ್ ತನ್ನ ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದೇ ಓಟಕ್ಕೆ ಗಾಡಿ ಹತ್ತಿಸಿದ್ದ. ಈಗ ಅವನಿಗೆ ಐವತ್ತಮೂರು. ವಾರವಿಡೀ ಮರಳುಗಾಡಿನ ಒಳಗಿನ ಬಿಡಾರಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ತನ್ನ ಹಳೆಯ ಜೀಪನ್ನು ದಿಬ್ಬದ ಬುಡಕ್ಕೆ ಒಯ್ಯುತ್ತಿದ್ದ. ಸರದಿಯ ಮೇಲೆ ಗಾಡಿಗಳು ದಿಬ್ಬ ಹತ್ತುವುದನ್ನು ನೋಡಲು ಊರಿನ ಅರ್ಧಕ್ಕರ್ಧ ಗಂಡಸರು ಅಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು.

ಆ ಚಳಿಗಾಲದಲ್ಲಿ ಜೀಪು ಮುಕ್ಕಾಲು ದಿಬ್ಬ ಏರಿ ಅಲ್ಲಿಗೆ ನಿಂತುಬಿಡತೊಡಗಿತು. ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಒಂದು ಮೊಳ ಮುಂದೆ ಹೋಗುತ್ತಿರಲಿಲ್ಲ. ಕೂತವರೆಲ್ಲ ನೋಡುತ್ತಿರುವಾಗ ಹಿಂದಕ್ಕೆ ಹಿಂದಕ್ಕೆ ಇಳಿಯುವುದಿದೆಯಲ್ಲ, ಅದು ಹಾರಿಬನಿಗೆ ಮೈಮೇಲೆ ಬಿಸಿನೀರು ಹೊಯ್ದಂತಾಗುತ್ತಿತ್ತು.

"ಭಾವ, ನಿಮ್ಮ ಗಾಡಿಗೆ ಉಬ್ಬಸ ಬಂದಿದೆ," ಎಂದ ಮಹಫೂದ್. ಅವನು ಹಾರಿಬನ ಹೆಂಡತಿಯ ತಮ್ಮ. "ಬಾನೆಟ್ ಒಳಗಿನ ಬಿಸಿಗಾಳೀನೇ ಕುಡೀತಾ ಇದೆ ಅದು. ನಾನು ನಂದಕ್ಕೆ ದುಬೈಯಿಂದ ಕೊಳವೆ ತರಿಸಿ ಹಾಕಿದೀನಿ. ಹೊರಗಿನ ತಣ್ಣನೆ ಗಾಳಿ ಸೀದಾ ಇಂಜಿನ್‌ಗೆ. ನಿಮಗೂ ಒಂದು ತರಿಸಿಕೊಡ್ಲಾ?"

"ಒಂದು ಪೈಪಿಗೋಸ್ಕರ ದುಬೈಗೆ ಹೋಗ್ಬೇಕೇನೋ? ಮೂವತ್ತು ವರ್ಷದಿಂದ ನಾನು ಪೈಪು ಹಿಡ್ಕೊಂಡೇ ಬದುಕಿರೋನು," ಎಂದ ಹಾರಿಬ್.

ಮರುದಿನವೇ ಕೆಲಸ ಶುರು. ಟ್ಯಾಂಕರ್ ಶೆಡ್ಡಿನಲ್ಲಿ ಬಿದ್ದಿದ್ದ ಬೂದುಬಣ್ಣದ ನೀರಿನ ಪೈಪನ್ನು ಕೊಯ್ದು, ತಿರುವಿಗೆ ಎರಡು ಎಲ್ಬೋ ಸೇರಿಸಿ, ಕ್ಲಾಂಪು ಬಿಗಿದು, ಒಂದು ಸಂಜೆಯಲ್ಲೇ ಮುಗಿಸಿದ. ಮನೆಯೆದುರು ಎರಡು ಸುತ್ತು ಹಾಕಿದಾಗ ಜೀಪು ಸಿಂಹದಂತೆ ಗರ್ಜಿಸಿತು. ಶುಕ್ರವಾರ ಅರ್ಧ ದಿಬ್ಬಕ್ಕೇ ಉಸಿರು ಕಟ್ಟಿ ಸತ್ತಿತು. ಬಾನೆಟ್ ಎತ್ತಿ ನೋಡಿದರೆ ಪೈಪು ಕಾವಿಗೆ ಮೆತ್ತಗಾಗಿ, ಇಂಜಿನ್ ಎಳೆದ ರಭಸಕ್ಕೆ ಹೀರಿ ಎಸೆದ ಮಾವಿನ ಸಿಪ್ಪೆಯಂತೆ ಚಪ್ಪಟೆಯಾಗಿತ್ತು.

ಎರಡನೆಯ ಸಲ ತಗಡಿನ ಪೈಪು ಹಾಕಿದ. ಅದು ಮೆತ್ತಗಾಗಲಿಲ್ಲ, ಕಾದ ಕಾವಲಿಯಾಯಿತು. ಮುಟ್ಟಿ ನೋಡಲು ಹೋಗಿ ಮೂರು ಬೆರಳು ಬೊಬ್ಬೆ ಎದ್ದವು. ತಣ್ಣನೆ ಗಾಳಿ ತರಲೆಂದು ಮಾಡಿದ್ದು ಮೊದಲಿಗಿಂತ ಬಿಸಿಗಾಳಿಯನ್ನೇ ತರುತ್ತಿತ್ತು. ಮೂರನೆಯ ಸಲ ಕೊಳವೆಯ ಬಾಯನ್ನು ಕೆಳಗೆ ಬಂಪರ್ ಹತ್ತಿರ ಇಟ್ಟ. ಒಂದೇ ಏರಿಗೆ ಏರ್ ಫಿಲ್ಟರ್ ಹಿಟ್ಟಿನ ಚೀಲವಾಯಿತು. ಬಡಿದರೆ ಎರಡು ಹಿಡಿ ಮರಳು ಉದುರಿತು. ನಾಲ್ಕನೆಯ ಸಲ, ಒಳಬರುವ ಗಾಳಿಯನ್ನು ಅಳೆಯುವ ಪುಟ್ಟ ಸೆನ್ಸರನ್ನು ಹಿಂದುಮುಂದಾಗಿ ಕೂರಿಸಿಬಿಟ್ಟಿದ್ದ. ಜೀಪು ಮನೆಯ ಗೇಟು ದಾಟುವುದರೊಳಗೆ ಹನ್ನೆರಡು ಸಲ ಬಿಕ್ಕಿತು. ತಪ್ಪು ತನ್ನದೇ ಎಂದು ಗೊತ್ತಾಗಲು ಅವನಿಗೆ ನಾಲ್ಕು ದಿನ ಹಿಡಿಯಿತು.

ಆ ನಾಲ್ಕು ದಿನ ಅವನ ಜೊತೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕೊನೆಗೆ ಹೆಂಡತಿ ಝುವೈನಾಳ ಅಕ್ಕಿ ತುಂಬುವ ದೊಡ್ಡ ಡಬ್ಬಿಯ ಮೇಲೆ ಅವನ ಕಣ್ಣು ಬಿತ್ತು. ಫಿಲ್ಟರಿನ ಸುತ್ತ ಇಂಜಿನ್ನಿನ ಕಾವು ತಾಗದಂತೆ ತಡೆಯಲು ಹೇಳಿ ಮಾಡಿಸಿದಂತಿತ್ತು. ಅಕ್ಕಿಯನ್ನು ಚಾಪೆಯ ಮೇಲೆ ಸುರಿದು, ಡಬ್ಬಿ ಎತ್ತಿಕೊಂಡು ಹೊರಟ.

"ಅಬೂ ಶೈಖಾ, ಅದು ನಮ್ಮಮ್ಮ ಕೊಟ್ಟಿದ್ದು. ಕೇಳಿದ್ರೆ ಕೊಡ್ತಿರ್ಲಿಲ್ವಾ?" ಎಂದಳು ಝುವೈನಾ, ಎಂದಿನಂತೆ ಮಗಳ ಹೆಸರು ಸೇರಿಸಿ ಅವನನ್ನು ಕರೆಯುತ್ತ.

"ಒಂದು ಡಬ್ಬಿಗೂ ನಿನ್ನ ಅಪ್ಪಣೆ ಬೇಕಾ ನಂಗೆ?" ಎಂದು ಅವನು ಊರಿಗೆ ಕೇಳುವಂತೆ ಕೂಗಿದ.

ಝುವೈನಾ ಅಕ್ಕಿ ಬಳಿಯತೊಡಗಿದಳು. ಹಾರಿಬ್ ಹೊಸ್ತಿಲಿನಿಂದ ಹಿಂದಕ್ಕೆ ಬಂದ. ಆಮೇಲೆ ಡಬ್ಬಿಯನ್ನು ಕೆಳಗಿಟ್ಟು, ಅವಳೆದುರು ಮಂಡಿಯೂರಿ ತಾನೂ ಅಕ್ಕಿ ಬಳಿದ. "ಗಾಡಿ ಮೇಲಿನ ಸಿಟ್ಟು. ನಿನ್ನ ಮೇಲಲ್ಲ," ಎಂದ. "ಗಾಡಿಗೆ ಕಿವಿ ಇಲ್ವಲ್ಲ, ಅದಕ್ಕೆ ನನಗೆ ಹೇಳಿದ್ರಿ," ಎಂದಳು ಅವಳು. ಮರುದಿನ ಟ್ಯಾಂಕರಿನ ಹಳೆಯ ತಗಡು ಬಗ್ಗಿಸಿ ಅವನೇ ಒಂದು ಪೆಟ್ಟಿಗೆ ಮಾಡಿಕೊಂಡ. ಕೊಳವೆಯ ಬಾಯನ್ನು ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ, ಮರಳೂ ಕಾವೂ ತಾಗದ ಎತ್ತರದಲ್ಲಿ ಕೂರಿಸಿದ.

ಏಳನೆಯ ವಾರದ ಮಂಗಳವಾರ ಬೆಳಿಗ್ಗೆ ಝುವೈನಾಳನ್ನು ಅವಳ ಚಿಕ್ಕಮ್ಮನ ಬಿಡಾರಕ್ಕೆ ಬಿಡಲು ಹೊರಟಿದ್ದ. ದಿಬ್ಬ ಕಂಡಿತು. "ಒಂದು ಸಲ," ಎಂದ. ಇಳಿದು, ಚಕ್ರ ಮರಳಿನಲ್ಲಿ ಹೂತುಕೊಳ್ಳದಂತೆ ಟೈರಿನ ಗಾಳಿ ಇಳಿಸಿದ. ಝುವೈನಾ ಕಾಫಿಯ ಫ್ಲಾಸ್ಕನ್ನು ತೊಡೆಗಳ ನಡುವೆ ಬಿಗಿಹಿಡಿದಳು. ಜೀಪು ಎಲ್ಲಿಯೂ ನಿಲ್ಲಲಿಲ್ಲ. ನೆತ್ತಿ ಮುಟ್ಟಿತು. ಹಾರಿಬ್ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಕೂತುಬಿಟ್ಟ. ಆಮೇಲೆ ಮಹಫೂದನಿಗೆ ಫೋನು ಮಾಡಿದ.

"ಹತ್ತಿತು ಕಣೋ."

"ಯಾರು ನೋಡಿದ್ರು?"

"ನಿಮ್ಮಕ್ಕ."

"ಅವಳ ಸಾಕ್ಷಿ ನಡೆಯಲ್ಲ ಭಾವ, ನಿಮ್ಮ ಮನೆ ಉಪ್ಪು ತಿಂತಾಳೆ. ಶುಕ್ರವಾರ ತೋರ್ಸಿ."

ಶುಕ್ರವಾರ ಎಲ್ಲರೂ ಎದ್ದು ನಿಂತು ನೋಡಿದರು. ಮುಕ್ಕಾಲು ದಿಬ್ಬಕ್ಕೆ, ಎಂದಿನ ಜಾಗದಲ್ಲಿ, ಎಂದಿನಂತೆ ಜೀಪು ನಿಂತಿತು. ಮೂರು ಸಲ ಏರಿಸಿದ, ಮೂರು ಸಲ ಹಿಂದಕ್ಕೆ ಇಳಿದ.

"ಮಂಗಳವಾರ ಮಂಜು ಬಿದ್ದಿತ್ತಲ್ವಾ ಭಾವ?" ಎಂದ ಮಹಫೂದ್. "ಮರಳು ನೆಂದು ರಸ್ತೆ ಥರ ಗಟ್ಟಿ ಆಗಿರುತ್ತೆ. ಮಂಜು ನಿಮ್ಮನ್ನ ಕಂಕುಳಲ್ಲಿ ಎತ್ಕೊಂಡು ಹೋಗಿದೆ." ಚಾಪೆಯ ಮೇಲಿದ್ದವರು ನಕ್ಕರು.

ಹಾರಿಬನಿಗೆ ಆ ಮಾತು ಊಟ ಮಾಡುವಾಗಲೂ ಟ್ಯಾಂಕರ್ ಓಡಿಸುವಾಗಲೂ ಕಾಡಿತು. ಕೊಳವೆಯೋ ಮಂಜೋ? ತಿಳಿಯಲು ಇರುವುದು ಒಂದೇ ದಾರಿ. ತಾನೇ ಮಾಡಿದ್ದನ್ನು ಬಿಚ್ಚಿ ಜೀಪಿನ ಜೊತೆ ಬಂದಿದ್ದ ಹಳೆಯ ಫಿಲ್ಟರ್ ಪೆಟ್ಟಿಗೆಯನ್ನೇ ಮತ್ತೆ ಕೂರಿಸಿ ಮಂಜಿಗಾಗಿ ಕಾದ. ಹತ್ತು ದಿನ ಆಕಾಶ ತೊಳೆದಿಟ್ಟಂತಿತ್ತು. ಹನ್ನೊಂದನೆಯ ಬೆಳಿಗ್ಗೆ ಫಜರ್ ನಮಾಜಿಗೆ ಎದ್ದಾಗ ಅಂಗಳದ ಖರ್ಜೂರದ ಮರ ಕಾಣುತ್ತಿರಲಿಲ್ಲ. "ಏಳು, ಬಾ," ಎಂದು ಝುವೈನಾಳನ್ನು ಕರೆದ. ಹೊರಟ ಜಾಗ ಅದೇ, ಟೈರಿನ ಗಾಳಿ ಅಷ್ಟೇ, ಗೇರು ಅದೇ, ಪಕ್ಕದಲ್ಲಿ ಅದೇ ಹೆಂಡತಿ.

ಜೀಪು ನಡುವೆ ಒಮ್ಮೆಯೂ ತಡವರಿಸದೆ ನೆತ್ತಿಗೆ ಬಂದು ನಿಂತಿತು.

ಹಾರಿಬ್ ಕೆಳಗಿಳಿದು ಚಕ್ರಕ್ಕೆ ಒದ್ದ. ಇನ್ನೊಮ್ಮೆ ಒದ್ದ. ಚಪ್ಪಲಿ ಹಾರಿ ಇಳಿಜಾರಿನಲ್ಲಿ ಜಾರಿಹೋಯಿತು. ಏಳು ವಾರದ ಸಂಜೆಗಳು, ಬೊಬ್ಬೆಯೆದ್ದ ಬೆರಳು, ಮನೆಯ ಜಗಳ, ಎಲ್ಲವೂ ಯಾವ ಪುರುಷಾರ್ಥಕ್ಕೆ?

ಝುವೈನಾ ಹೋಗಿ ಚಪ್ಪಲಿ ತಂದುಕೊಟ್ಟಳು. "ಯಾರಿಗೂ ಗೊತ್ತಿಲ್ಲ," ಎಂದಳು. "ಪೈಪು ಮತ್ತೆ ಹಾಕಿಬಿಡಿ. ನಾನಂತೂ ಬಾಯಿ ಬಿಡಲ್ಲ."

"ನಂಗೆ ಗೊತ್ತಲ್ಲ," ಎಂದ ಹಾರಿಬ್.

ಶುಕ್ರವಾರ ಅವನು ಚಾಪೆಯವರ ಎದುರು ನಿಂತೇ ಹೇಳಿದ. "ಹಳೇ ಪೆಟ್ಟಿಗೆ ಹಾಕ್ಕೊಂಡು ಮಂಜಲ್ಲಿ ಹತ್ತಿಸಿ ನೋಡ್ದೆ. ಹಾಗೂ ಹತ್ತಿತು. ನನ್ನ ಕೊಳವೆಯಿಂದ ಏನೂ ಆಗಿಲ್ಲ. ಮಹಫೂದ್ ಹೇಳಿದ್ದೇ ಸರಿ." ಹೇಳಿ ನಗೆಗಾಗಿ ಕಾದ. ಯಾರೂ ನಗಲಿಲ್ಲ. ಒಬ್ಬ ಮುದುಕ ಸರಿದು ಜಾಗ ಕೊಟ್ಟ. ಮಹಫೂದ್ ಖರ್ಜೂರದ ತಟ್ಟೆಯನ್ನು ಅವನತ್ತ ತಳ್ಳಿದ.

"ನನ್ನ ದುಬೈ ಕೊಳವೇನ ಹಾಗೆ ಬಿಚ್ಚಿ ನೋಡೋ ಧೈರ್ಯ ನಂಗಿಲ್ಲ ಭಾವ," ಎಂದ ಮೆಲ್ಲಗೆ.

ಆ ಮಾತಿನಿಂದ ಹಾರಿಬನ ಸಿಟ್ಟೇನೂ ಇಳಿಯಲಿಲ್ಲ. ಎರಡು ಖರ್ಜೂರ ತಿಂದ, ಕಾಫಿ ಬೇಡವೆಂದು ಲೋಟ ಅಲುಗಿಸಿದ, ಎದ್ದು ಹೋಗಿ ಜೀಪು ಸ್ಟಾರ್ಟ್ ಮಾಡಿದ. ಮುಕ್ಕಾಲು ದಿಬ್ಬದವರೆಗೆ ಏರಿಸಿದ. ಅಲ್ಲಿ ನಿಂತಿತು. ತೋಳನ್ನು ಪಕ್ಕದ ಸೀಟಿನ ಮೇಲೆ ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ, ಮುಂದಿನವನ ಸರದಿಗೆ ದಾರಿ ಬಿಡುತ್ತ ಇಳಿಯತೊಡಗಿದ.